ಮೋಟಾರು ಗಾಡಿಯ ಎಣ್ಣೆಯ ಫಿಲ್ಟರು : ಸೋವಿಯಾದದ್ದನ್ನು ಆರಿಸುವ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಸೀಮೆಯು ಮೊದಲಿನಿಂದಲೂ ಎತ್ತು, ಚಕ್ಕಡಿ, ಕುಂಟೆ, ಕೂರಿಗೆಗಳ ಸೀಮೆಯು. ಇವುಗಳಿಂದ ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳು ಆಗಿದ್ದರೂ ಭೂಮಿಯೂ ಬೆಳೆಯೂ ಒಕ್ಕಲಿಗರ ರೂಢಿಯೂ ಅವೇ ಆಗಿರುವವು. ಆದರೆ ಈಗ ಚಕ್ಕಡಿಯ ಬಗಲಿಗೆ ಮೋಟಾರು ಗಾಡಿಯೂ ಬಂದು ನಿಂತಿದೆ. ಭೀಮಾ ತೀರದ ಕಬ್ಬು, ಇಂಡಿಯ ಲಿಂಬೆ, ಆಲಮಟ್ಟಿಯ ನೀರು ತಲುಪಿದಲ್ಲಿಯ ಹೊಸ ಬೆಳೆಗಳು, ಇವನ್ನೆಲ್ಲ ಪೇಟೆಗೆ ಮುಟ್ಟಿಸಲು ಒಕ್ಕಲಿಗನು ಹಳೆಯದೋ ಹೊಸದೋ ಒಂದು ಕಾರನ್ನಾಗಲಿ, ಜೀಪನ್ನಾಗಲಿ, ಪಿಕಪ್ ಗಾಡಿಯನ್ನಾಗಲಿ ಇಟ್ಟುಕೊಳ್ಳುತ್ತಿರುವನು. ಎತ್ತಿಗೆ ಮೇವು ನೀರು ಯಾವಾಗ ಬೇಕು, ಯಾವ ಕಾಯಿಲೆಗೆ ಯಾವ ಮದ್ದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೋಟಾರಿನ ಸಂಗತಿ ಹಾಗಲ್ಲ. ಅದರ ಹೊಟ್ಟೆಯೊಳಗಿನದು ಕಣ್ಣಿಗೆ ಬೀಳುವದಿಲ್ಲವಾದ್ದರಿಂದ ಅಂಗಡಿಯವನು ಕೊಟ್ಟದ್ದೇ ಸರಿ, ಹೇಳಿದ್ದೇ ಬೆಲೆ ಎಂಬಂತೆ ನಡೆದುಹೋಗುವದು.

ಮೋಟಾರಿನ ಅಂಥ ಭಾಗಗಳಲ್ಲಿ ಎಣ್ಣೆಯ ಫಿಲ್ಟರು ಒಂದು. ಕೈಯೊಳಗೆ ಹಿಡಿಯುವಷ್ಟು ಚಿಕ್ಕ ತಗಡಿನ ಡಬ್ಬಿ. ಬೆಲೆಯೂ ಬಹಳ ಹೆಚ್ಚಲ್ಲ. ಆದರೆ ಅದರ ಮೇಲೆ ಲಕ್ಷಗಟ್ಟಲೆ ಬೆಲೆಯ ಇಂಜಿನಿನ ಆಯುಷ್ಯವು ನಿಂತಿರುವದು. ಇದನ್ನು ಕಡಿಮೆ ಖರ್ಚಿನಲ್ಲಿ, ಆದರೆ ಮೋಸ ಹೋಗದೆ ಆರಿಸುವದು ಹೇಗೆಂಬುದನ್ನು ತಿಳಿಸುವದೇ ಈ ಲೇಖನದ ಉದ್ದೇಶ.

ನಡೆದ ಒಂದು ಸಂಗತಿ

ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಮುಚ್ಚಿಡದೆ ಹೇಳುವೆನು. ಕೆಲವು ವರ್ಷಗಳ ಕೆಳಗೆ ಖಾತೆಯ ಕೆಲಸಕ್ಕಾಗಿ ಇಂಡಿ ತಾಲೂಕಿನ ಒಂದು ಹಳ್ಳಿಗೆ ಹೋದಾಗ, ಲಿಂಬೆಯ ತೋಟದ ಒಬ್ಬ ಒಕ್ಕಲಿಗರು ತಮ್ಮ ಪಿಕಪ್ ಗಾಡಿಗೆಂದು ತಂದ ಹೊಸ ಫಿಲ್ಟರನ್ನು ನನ್ನ ಕೈಗೆ ಕೊಟ್ಟು, “ಸಾಹೇಬ್ರ, ಇದು ನಮ್ಮ ಗಾಡಿಗೆ ನಡೀತದೇನ್ರಿ? ಅರ್ಧಾ ರೇಟಿಗೆ ಸಿಕ್ಕೈತಿ,” ಎಂದು ಕೇಳಿದರು. ನಾನು ಹಳೆಯದನ್ನೂ ಹೊಸದನ್ನೂ ಬಗಲಿಗೆ ಬಗಲು ಹಿಡಿದು ನೋಡಿದೆನು. ಎತ್ತರ ಒಂದೇ, ಸುತ್ತಳತೆ ಒಂದೇ, ರಬ್ಬರಿನ ವಾಶರೂ ಒಂದೇ ಅಳತೆಯದು. ನಡೆಯುವದೆಂದು ಹೇಳಿಬಿಟ್ಟೆನು.

ಆರು ದಿವಸಗಳ ಮೇಲೆ ಆ ಗಾಡಿಯು ಲಿಂಬೆಯ ಚೀಲಗಳನ್ನು ಹೇರಿಕೊಂಡು ಪೇಟೆಗೆ ಹೊರಟಾಗ ದಾರಿಯಲ್ಲಿ ಫಿಲ್ಟರು ಸಡಿಲಾಯಿತು. ಎಣ್ಣೆಯೆಲ್ಲ ರಸ್ತೆಯ ಪಾಲಾಯಿತು. ಎದುರಿನ ಕೆಂಪು ದೀಪ ಹತ್ತಿದ್ದನ್ನು ಅವರು ಕಂಡರು. ಆದರೆ ಸವಾಲಿನ ವೇಳೆ ತಪ್ಪೀತೆಂದು ಇನ್ನೂ ನಾಲ್ಕೈದು ಕಿಲೋಮೀಟರು ಓಡಿಸಿದರು. ಇಂಜಿನು ಹಿಡಿದುಕೊಂಡು ನಿಂತೇಬಿಟ್ಟಿತು. ಕ್ರ್ಯಾಂಕ್ ಶಾಫ್ಟು, ಬೇರಿಂಗುಗಳು ಎಲ್ಲವೂ ಕೆಟ್ಟಿದ್ದವು. ಆ ವರ್ಷದ ಲಿಂಬೆಯ ಹಣದಲ್ಲಿ ಬಹುಪಾಲು ಗ್ಯಾರೇಜಿಗೆ ಹೋಯಿತು. ಹೊಸ ಕೊಳವೆ ಬಾವಿಗೆಂದು ತೆಗೆದಿಟ್ಟ ಗಂಟು ಅದು. ಆಮೇಲೆ ಕಂಡಾಗ ಅವರು ನನಗೆ ಒಂದು ಮಾತನ್ನೂ ಆಡಲಿಲ್ಲ. “ಹೋಗ್ಲಿ ಬಿಡ್ರಿ ಸಾಹೇಬ್ರ, ನಾನೂ ಗಾಡಿ ನಿಲ್ಲಸಬೇಕಿತ್ತು,” ಎಂದಷ್ಟೇ ಅಂದರು. ಬಯ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ತಪ್ಪು ಎಲ್ಲಿತ್ತೆಂಬುದು ಅನುಭವಿಕನಾದ ಮಿಸ್ತ್ರಿಯೊಬ್ಬನು ಬಿಚ್ಚಿ ತೋರಿಸಿದಾಗ ತಿಳಿಯಿತು. ಇಂಜಿನಿನ ಮೇಲಿನ ಬೋಲ್ಟು ಮುಕ್ಕಾಲು ಇಂಚು ದಪ್ಪದ್ದು, ಎಂದರೆ 19.05 ಮಿಲಿಮೀಟರು, ಇಂಚಿಗೆ 16 ಸುತ್ತಿನ ಥ್ರೆಡ್ಡು. ಹೊಸ ಫಿಲ್ಟರಿನ ತೂತು 20 ಮಿಲಿಮೀಟರಿನದು. ಅದರ ಸುತ್ತುಗಳು ಒಂದೂವರೆ ಮಿಲಿಮೀಟರಿಗೆ ಒಂದರಂತೆ. ಇವೆರಡರ ಅಂತರ ಕಣ್ಣಿಗೆ ಕಾಣದು. ಕೈಯಿಂದ ತಿರುವಿದರೆ ಕೂಡ್ರುವಂತೆಯೂ ತೋರುವದು. ಆದರೆ ಥ್ರೆಡ್ಡುಗಳು ತುದಿಯಲ್ಲಿ ಮಾತ್ರ ಹಿಡಿದಿದ್ದು, ಇಂಜಿನಿನ ನಡುಕಕ್ಕೂ ಎಣ್ಣೆಯ ಒತ್ತಡಕ್ಕೂ ತಾಳಲಾರದೆ ಬಿಟ್ಟುಕೊಡುವವು. ಹೊರಗಿನ ರೂಪವನ್ನು ನೋಡಿ ಫಿಲ್ಟರನ್ನು ಆರಿಸಬಾರದೆಂಬ ಪಾಠವನ್ನು ನಾನು ಇನ್ನೊಬ್ಬರ ಖರ್ಚಿನಿಂದ ಕಲಿತೆನು.

ಫಿಲ್ಟರಿನ ಕೆಲಸ

ಹಳ್ಳಿಯವರು ಆಯಿಲ್ ಎಂದು ಕರೆಯುವ ಇಂಜಿನಿನ ಎಣ್ಣೆಯು ತಳದ ತೊಟ್ಟಿಯಲ್ಲಿ ನಿಂತಿರುವದು. ಪಂಪು ಅದನ್ನು ಎತ್ತಿ ಒತ್ತಡದಿಂದ ಫಿಲ್ಟರಿನೊಳಕ್ಕೆ ಕಳಿಸುವದು. ಡಬ್ಬಿಯ ಬಾಯಿಯ ಸುತ್ತಲಿನ ಚಿಕ್ಕ ತೂತುಗಳಿಂದ ಎಣ್ಣೆ ಒಳಗೆ ಹೊಕ್ಕು, ಮಡಿಕೆ ಮಡಿಕೆಯಾದ ಕಾಗದವನ್ನು ದಾಟಿ, ನಡುವಿನ ದೊಡ್ಡ ತೂತಿನಿಂದ ಹೊರಬಿದ್ದು ಬೇರಿಂಗುಗಳಿಗೆ ಹೋಗುವದು. ಹಾಲನ್ನು ಅರಿವೆಯಲ್ಲಿ ಸೋಸುವಂತೆಯೇ ಇದೂ.

ತಿರುಗುವ ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವ ಸಂದು ಬಹಳ ಕಿರಿದು. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನು ಎನ್ನುವರು. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನು ದಪ್ಪವಿರುವದು. ಭಾರ ಬಿದ್ದಾಗ ಬೇರಿಂಗಿನಲ್ಲಿ ಲೋಹವನ್ನು ಲೋಹದಿಂದ ಬೇರೆಯಾಗಿಡುವ ಎಣ್ಣೆಯ ಪದರಾದರೋ ಕೆಲವೇ ಮೈಕ್ರಾನು. ಆದ್ದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಉಸುಕಿನ ಕಣವೂ ಆ ಪದರನ್ನು ಹರಿದು ಲೋಹವನ್ನು ಕೆರೆಯಬಲ್ಲದು. ಸಾಧಾರಣ ಫಿಲ್ಟರುಗಳು ಒಂದೇ ಸಲಕ್ಕೆ ಎಲ್ಲ ಕಣಗಳನ್ನೂ ಹಿಡಿಯುವದಿಲ್ಲ. ಎಣ್ಣೆ ಮತ್ತೆ ಮತ್ತೆ ಹಾಯುವದರಿಂದ ಕ್ರಮೇಣ ಶುದ್ಧವಾಗುವದು.

ಹಿಂದಿನ ಮೋಟಾರುಗಳಿಗೆ ಈ ಸೌಕರ್ಯವಿರಲಿಲ್ಲ. 1908ರಿಂದ 1927ರ ವರೆಗೆ ತಯಾರಾದ ಫೋರ್ಡ್ ಕಂಪನಿಯ ಹೆಸರಾದ ಮಾಡೆಲ್ ಟಿ ಗಾಡಿಗೆ ಎಣ್ಣೆಯ ಫಿಲ್ಟರೇ ಇರಲಿಲ್ಲ; ಎಣ್ಣೆಯನ್ನು ಅಡಿಗಡಿಗೆ ಬದಲಿಸುವದೊಂದೇ ಉಪಾಯವಾಗಿತ್ತು. 1923ರಲ್ಲಿ ಅಮೇರಿಕೆಯ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಹಾಗೂ ಜಾರ್ಜ್ ಗ್ರೀನ್‌ಹಾಲ್ಗ್ ಎಂಬವರು ಪ್ಯೂರೋಲೇಟರ್ ಎಂಬ ಸೋಸುವ ಸಾಧನವನ್ನು ಹೊರತಂದರು. ಅಲ್ಲಿಂದ ಮುಂದೆ ಈ ವಿದ್ಯೆ ಬೆಳೆಯುತ್ತ ಬಂದಿತು.

ನಮ್ಮ ಸೀಮೆಯ ಧೂಳು

ವಿಜಯಪುರ ಜಿಲ್ಹೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಒಳಗೇ. ಉಳಿದ ತಿಂಗಳುಗಳಲ್ಲಿ ಎರೆಯ ಭೂಮಿಯ ದಾರಿಗಳು ಹಿಟ್ಟಿನಂತಾಗುವವು. ತೊಗರಿಯ ಸುಗ್ಗಿಯಿಂದ ಹಿಡಿದು ಹಿಂಗಾರಿ ಜೋಳದ ರಾಶಿ ಮುಗಿಯುವ ತನಕ ಹೊಟ್ಟು, ಧೂಳು ಗಾಳಿಯಲ್ಲಿ ತೇಲುತ್ತಲೇ ಇರುವವು. ಕಣದ ಬಗಲಿಗೇ ಗಾಡಿ ನಿಂತಿರುವದು. ಹೊಲದಿಂದ ಊರಿಗೆ, ಊರಿಂದ ಹೊಲಕ್ಕೆ ಎರಡೆರಡು ಮೈಲು ಓಡುವದು. ಇಂಜಿನು ಸರಿಯಾಗಿ ಕಾಯುವ ಮೊದಲೇ ಬಂದಾಗುವದು. ಧೂಳಿನ ದಾರಿ ಹಾಗೂ ಚಿಕ್ಕ ಚಿಕ್ಕ ಓಡಾಟ, ಇವೆರಡೂ ಇಂಜಿನಿನ ಎಣ್ಣೆಗೆ ಕಠಿಣವಾದವುಗಳು. ಗಾಡಿಯ ಜೊತೆಗೆ ಬರುವ ಪುಸ್ತಕದಲ್ಲಿ ಇಂಥ ಕಠಿಣ ಉಪಯೋಗಕ್ಕೆ ಎಣ್ಣೆ ಬದಲಿಸುವ ಅವಧಿಯನ್ನು ಬಹಳ ಮಾಡಿ ಬೇರೆಯಾಗಿಯೇ ಕೊಟ್ಟಿರುವರು. ನಮ್ಮವರು ಅದನ್ನೇ ಹಿಡಿಯತಕ್ಕದ್ದು. ನಗರದ ಡಾಂಬರು ರಸ್ತೆಗೆ ಹೇಳಿದ ಅವಧಿಯನ್ನಲ್ಲ.

ಇನ್ನೊಂದು ಮಾತು. ಧೂಳು ಎಣ್ಣೆಗೆ ಸೇರುವದು ಬಹುತರವಾಗಿ ಇಂಜಿನು ಎಳೆದುಕೊಳ್ಳುವ ಗಾಳಿಯ ಮುಖಾಂತರವೇ. ಗಾಳಿಯ ಫಿಲ್ಟರು ಹರಿದಿದ್ದರೆ, ಇಲ್ಲವೆ ಅದರ ರಬ್ಬರಿನ ಕೊಳವೆ ಸೀಳಿದ್ದರೆ, ಎಣ್ಣೆಯ ಫಿಲ್ಟರು ಎಷ್ಟು ಬೆಲೆಯದಿದ್ದರೂ ಇಂಜಿನನ್ನು ಉಳಿಸಲಾರದು. ಮನೆಯ ಬಾಗಿಲು ತೆರೆದಿಟ್ಟು ಕಸ ಹೊಡೆದಂತೆ ಅದು. ಆದ್ದರಿಂದ ಮೊದಲು ಗಾಳಿಯ ಫಿಲ್ಟರನ್ನು ನೋಡಿರಿ.

ಡಬ್ಬಿಯ ಒಳಗೆ ಏನಿರುವದು

ಹೊರಗಿನಿಂದ ಎಲ್ಲ ಡಬ್ಬಿಗಳೂ ಒಂದೇ ಬಗೆಯಾಗಿ ಕಾಣುವವು. ಬೆಲೆಯ ಅಂತರವೆಲ್ಲ ಒಳಗಿರುವದು. ಮುಖ್ಯ ಭಾಗಗಳು ನಾಲ್ಕು.

ಮೊದಲನೆಯದು ಸೋಸುವ ಕಾಗದ. ಮಡಿಕೆಗಳು ಹೆಚ್ಚಿದ್ದು ಸಮವಾಗಿದ್ದರೆ ಹೊಲಸನ್ನು ಹಿಡಿದಿಡುವ ಜಾಗವು ಹೆಚ್ಚು. ಅಗ್ಗದ ಮಾಲಿನಲ್ಲಿ ಮಡಿಕೆಗಳು ಕಡಿಮೆ. ಅಂಟಿಸಿದ ಜೋಡಣೆಯೂ ಒಮ್ಮೊಮ್ಮೆ ಬಿಟ್ಟಿರುವದು. ಆಗ ಎಣ್ಣೆಯು ಸೋಸದೆಯೇ ಆ ಸಂದಿನಿಂದ ಹಾದುಹೋಗುವದು.

ಎರಡನೆಯದು ಬೈಪಾಸ್ ವಾಲ್ವು. ಚಳಿಯಲ್ಲಿ ಎಣ್ಣೆ ಗಟ್ಟಿಯಾದಾಗ, ಇಲ್ಲವೆ ಕಾಗದವು ಹೊಲಸಿನಿಂದ ಕಟ್ಟಿದಾಗ, ಈ ವಾಲ್ವು ತೆರೆದು ಎಣ್ಣೆಯನ್ನು ನೇರವಾಗಿ ಬಿಡುವದು. ಎಣ್ಣೆಯೇ ಇಲ್ಲದಿರುವದಕ್ಕಿಂತ ಹೊಲಸು ಎಣ್ಣೆಯಾದರೂ ಇರಲಿ ಎಂಬ ಯುಕ್ತಿ ಇದು. ಇದರ ಸ್ಪ್ರಿಂಗು ಬಲಹೀನವಾಗಿದ್ದರೆ ಯಾವಾಗಲೂ ತೆರೆದೇ ಇದ್ದು ಫಿಲ್ಟರು ಇದ್ದೂ ಇಲ್ಲದಂತಾಗುವದು. ಕೆಲವು ಇಂಜಿನುಗಳಲ್ಲಿ ಈ ವಾಲ್ವು ಇಂಜಿನಿನಲ್ಲೇ ಇರುವದು; ಉಳಿದವುಗಳಲ್ಲಿ ಫಿಲ್ಟರಿನಲ್ಲಿರಬೇಕು. ನಿಮ್ಮ ಇಂಜಿನಿಗೆ ಯಾವ ಬಗೆಯದು ಬೇಕೆಂಬುದು ಫಿಲ್ಟರಿನ ನಂಬರಿನಿಂದಲೇ ಗೊತ್ತಾಗುವದು.

ಮೂರನೆಯದು ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ಪದರು. ಫಿಲ್ಟರನ್ನು ಅಡ್ಡವಾಗಿ ಇಲ್ಲವೆ ತಲೆಕೆಳಗಾಗಿ ಕೂಡ್ರಿಸಿದ ಇಂಜಿನುಗಳಿಗೆ ಇದು ಬಹಳ ಅವಶ್ಯ. ಇದು ಕೆಟ್ಟಿದ್ದರೆ ರಾತ್ರಿಯೆಲ್ಲ ಎಣ್ಣೆ ಇಳಿದುಹೋಗಿ, ಮುಂಜಾನೆ ಚಾಲು ಮಾಡಿದಾಗ ಇಂಜಿನು ಕಟಕಟ ಸಪ್ಪಳ ಮಾಡುವದು; ಕೆಂಪು ದೀಪವೂ ಕೆಲವು ಗಳಿಗೆ ಹತ್ತಿಯೇ ಇರುವದು. ಹೊಸ ಫಿಲ್ಟರು ಹಾಕಿದ ಬಳಿಕ ಇಂಥ ಸಪ್ಪಳ ಸುರುವಾದರೆ ಆ ಫಿಲ್ಟರನ್ನು ಸಂಶಯಪಡಬೇಕು.

ನಾಲ್ಕನೆಯದು ಬಾಯಿಯ ರಬ್ಬರಿನ ವಾಶರು. ಇದು ಮೆತ್ತಗಿದ್ದು ಎಲ್ಲೆಡೆ ಒಂದೇ ದಪ್ಪವಾಗಿರಬೇಕು. ಗಟ್ಟಿಯಾದ, ಬಿರುಕು ಬಿಟ್ಟ ವಾಶರಿನ ಫಿಲ್ಟರು ಎಷ್ಟು ಅಗ್ಗವಾದರೂ ಬೇಡ.

ಸೋವಿ ಎಂಬುದರ ಲೆಕ್ಕ

ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಗುರುತಿಲ್ಲದ ಫಿಲ್ಟರು 120 ರೂಪಾಯಿ, ಹೆಸರಾದ ಕಂಪನಿಯ ಸಾಧಾರಣ ಫಿಲ್ಟರು 200 ರೂಪಾಯಿ ಎಂದು ಹಿಡಿಯಿರಿ. ವರ್ಷಕ್ಕೆ ಗಾಡಿ 15,000 ಕಿಲೋಮೀಟರು ಓಡಿ, 5,000ಕ್ಕೊಮ್ಮೆ ಫಿಲ್ಟರು ಬದಲಿಸಿದರೆ ವರ್ಷಕ್ಕೆ ಮೂರು ಬೇಕು. ಅಂತರ 240 ರೂಪಾಯಿ. ಕಿಲೋಮೀಟರಿಗೆ ಎರಡು ಪೈಸೆಯೂ ಅಲ್ಲ. ವರ್ಷದ ಉಳಿತಾಯವು ಮೂರು ಲೀಟರು ಡೀಜೆಲಿನ ಬೆಲೆಯಷ್ಟೂ ಆಗದು. ಇಷ್ಟು ಉಳಿಸಲು ಹೋಗಿ ಇಂಜಿನನ್ನು ಅಪಾಯಕ್ಕೆ ಒಡ್ಡುವದು ಬೀಜದ ಖರ್ಚು ಉಳಿಸಲು ಜೊಳ್ಳು ಬಿತ್ತಿದಂತೆ.

ಹಾಗೆಂದು ಎಲ್ಲಕ್ಕೂ ತುಟ್ಟಿಯಾದದ್ದೇ ಬೇಕೆಂದೂ ತಿಳಿಯಬಾರದು. 450 ರೂಪಾಯಿಯ ದೀರ್ಘ ಬಾಳಿಕೆಯ ಫಿಲ್ಟರೊಂದು ಇದೆಯೆನ್ನಿರಿ. ಎಣ್ಣೆಯನ್ನು 10,000 ಕಿಲೋಮೀಟರು ಇಲ್ಲವೆ ಅದಕ್ಕೂ ಹೆಚ್ಚು ಓಡಿಸುವವರಿಗೆ ಅದರಿಂದ ಪ್ರಯೋಜನವಿರಬಹುದು. ನಮ್ಮ ಧೂಳಿನಲ್ಲಿ 5,000ಕ್ಕೇ ಎಣ್ಣೆಯ ಜೊತೆಗೆ ಅದನ್ನೂ ಎಸೆಯುವವನು ಅರ್ಧ ಬಾಳಿಕೆಯನ್ನು ಉಪಯೋಗಿಸದೆಯೇ ಬಿಸಾಡಿದಂತಾಗುವದು. ಆದುದರಿಂದ ಒಕ್ಕಲಿಗನಿಗೆ ನಿಜವಾಗಿ ಸೋವಿಯಾದದ್ದು, ಸರಿಯಾದ ನಂಬರಿನ ನಡುತರದ ಫಿಲ್ಟರನ್ನು ಅವಧಿ ತಪ್ಪದೆ ಬದಲಿಸುವದೇ.

ನಡುತರದ ಬೆಲೆಗೆ ಒಳ್ಳೆಯದು ಸಿಕ್ಕುವ ಒಂದು ದಾರಿಯುಂಟು. ಗಾಡಿ ತಯಾರಿಸುವ ಕಂಪನಿಗಳು ಬಹಳ ಮಾಡಿ ಫಿಲ್ಟರುಗಳನ್ನು ತಾವೇ ಮಾಡುವದಿಲ್ಲ. ಫಿಲ್ಟರು ಮಾಡುವ ಕಾರಖಾನೆಗಳಿಂದ ಮಾಡಿಸಿಕೊಳ್ಳುವವು. ಅಂಥ ಕಾರಖಾನೆಗಳು ತಮ್ಮ ಸ್ವಂತ ಹೆಸರಿನ ಪೆಟ್ಟಿಗೆಯಲ್ಲಿಯೂ ಅದೇ ಇಂಜಿನಿಗೆ ಹೊಂದುವ ಫಿಲ್ಟರನ್ನು ಹಲವು ಸಲ ಕಡಿಮೆ ಬೆಲೆಗೆ ಮಾರುವವು. ಬಾಷ್, ಪ್ಯೂರೋಲೇಟರ್, ಎಲೋಫಿಕ್, ಫ್ಲೀಟ್‌ಗಾರ್ಡ್ ಮೊದಲಾದ ಹೆಸರುಗಳು ನಮ್ಮ ದೇಶದ ಪೇಟೆಯಲ್ಲಿ ಕಾಣುವವು. ಇವುಗಳಲ್ಲಿ ಇಂಥದನ್ನೇ ಕೊಳ್ಳಿರೆಂದು ನಾವು ಹೇಳುವದಿಲ್ಲ. ನಿಮ್ಮ ಗಾಡಿಯ ಮಾದರಿಗೂ ವರ್ಷಕ್ಕೂ ಹೊಂದುವ ನಂಬರನ್ನು ಆ ಕಂಪನಿಯ ಪಟ್ಟಿಯಲ್ಲಿ ನೋಡಿಯೇ ಕೊಳ್ಳಿರಿ.

ಕೊಳ್ಳುವಾಗ ಲಕ್ಷ್ಯದಲ್ಲಿಡತಕ್ಕ ಸಂಗತಿಗಳು

1. ಗಾಡಿಯ ಪುಸ್ತಕದಲ್ಲಿ ಇಲ್ಲವೆ ಹಳೆಯ ಮೂಲ ಫಿಲ್ಟರಿನ ಮೇಲೆ ಇರುವ ನಂಬರನ್ನು ಬರೆದುಕೊಂಡು ಅಂಗಡಿಗೆ ಹೋಗಿರಿ. ಬರಿ ಗಾಡಿಯ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಇಂಜಿನುಗಳು ಇರುವವು.

2. ಥ್ರೆಡ್ಡಿನ ಅಳತೆಯನ್ನು ಕೇಳಿರಿ. ಮುಕ್ಕಾಲು ಇಂಚಿನದಕ್ಕೂ 20 ಮಿಲಿಮೀಟರಿನದಕ್ಕೂ ಗಲಿಬಿಲಿಯಾಗುವದು ಸುಲಭ. ಕೂಡ್ರಿಸುವಾಗ ಫಿಲ್ಟರು ಅತ್ತಿತ್ತ ಅಲುಗಾಡಿದರೆ ಕೂಡಲೇ ತೆಗೆದು ಹಿಂದಿರುಗಿಸಿರಿ.

3. ಪೆಟ್ಟಿಗೆಯ ಮೇಲೆ ತಯಾರಿಸಿದವರ ಹೆಸರು, ವಿಳಾಸ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಕೊಡಬೇಕಾದ ವಿಳಾಸ, ಇವೆಲ್ಲ ಅಚ್ಚಾಗಿರಬೇಕೆಂದು 2011ರ ಪೊಟ್ಟಣ ಸಾಮಾನುಗಳ ನಿಯಮಗಳು ಹೇಳುವವು. ಇವಿಲ್ಲದ್ದನ್ನು ಕೊಳ್ಳಬೇಡಿರಿ.

4. ಅಕ್ಷರಗಳು ಮಸುಕಾಗಿದ್ದರೆ, ಹೆಸರಿನ ಒಂದೆರಡು ಅಕ್ಷರ ವ್ಯತ್ಯಾಸವಾಗಿದ್ದರೆ, ಡಬ್ಬಿಯ ಮೇಲಿನ ನಂಬರಿಗೂ ಪೆಟ್ಟಿಗೆಯ ನಂಬರಿಗೂ ತಾಳೆ ಬೀಳದಿದ್ದರೆ, ಅದು ನಕಲಿ ಮಾಲೆಂದು ಶಂಕಿಸಿರಿ. ಹೆಸರಾದ ಕಂಪನಿಯ ಮಾಲು ಅರ್ಧ ಬೆಲೆಗೆ ಸಿಕ್ಕುವದೆಂದರೆ ಸಂತೋಷಪಡುವ ಮೊದಲು ಯೋಚಿಸಿರಿ.

5. ಬಾಯಿಯಿಂದ ಒಳಗೆ ನೋಡಿರಿ. ಲೋಹದ ಪುಡಿ, ತುಕ್ಕು, ಸಡಿಲಾದ ಕಾಗದ ಇರಬಾರದು. ಮೆಲ್ಲಗೆ ಅಲುಗಾಡಿಸಿದರೆ ಒಳಗೆ ಏನೂ ಗಲಗಲ ಎನ್ನಬಾರದು.

6. ಬಿಲ್ಲನ್ನು ತಪ್ಪದೆ ಪಡೆದು ಜೋಪಾನವಾಗಿಡಿರಿ. ಬಿಲ್ಲಿನಲ್ಲಿ ಫಿಲ್ಟರಿನ ನಂಬರೂ ಇರಲಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ತಿಳಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಹಾ ಗ್ರಾಹಕರ ಆಯೋಗಕ್ಕೆ ಫಿರ್ಯಾದನ್ನೂ ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯ ಒಳಗಿನದಾದರೆ ಇದಕ್ಕೆ ಶುಲ್ಕವಿಲ್ಲ. ಬಿಲ್ಲಿಲ್ಲದವನ ಮಾತಿಗೆ ಆಧಾರವಿರದು.

ಕೂಡ್ರಿಸುವ ಕ್ರಮ

ಒಳ್ಳೆಯ ಫಿಲ್ಟರೂ ತಪ್ಪಾಗಿ ಕೂಡ್ರಿಸಿದರೆ ಕೆಡುವದು. ಇಂಜಿನು ಬೆಚ್ಚಗಿರುವಾಗ ಹಳೆಯ ಎಣ್ಣೆಯನ್ನು ಇಳಿಸಿರಿ. ಬರಿ ಜಾಕಿನ ಆಧಾರದ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಸುಳಬಾರದು. ಹಳೆಯ ಫಿಲ್ಟರನ್ನು ಬಿಚ್ಚಿದ ಕೂಡಲೆ ಅದರ ವಾಶರು ಅದರ ಜೊತೆಗೇ ಬಂದಿದೆಯೇ ಎಂದು ನೋಡಿರಿ. ಅದು ಇಂಜಿನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ವಾಶರು ಕೂತರೆ, ಎಣ್ಣೆಯು ಒಮ್ಮೆಲೆ ಹೊರಚಿಮ್ಮುವದು. ಹೊಸ ವಾಶರಿಗೆ ಬೆರಳಿನಿಂದ ಸ್ವಲ್ಪ ಹೊಸ ಎಣ್ಣೆ ಸವರಿರಿ. ಕೈಯಿಂದಲೇ ತಿರುವಿ, ವಾಶರು ತಾಗಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟೇ, ಸಾಧಾರಣವಾಗಿ ಮುಕ್ಕಾಲು ಸುತ್ತು, ಬಿಗಿ ಮಾಡಿರಿ. ಪಾನಾ ಹಾಕಿ ಜೋರಿನಿಂದ ಬಿಗಿದರೆ ವಾಶರು ಹಿಂಡಿ ಕೆಡುವದು. ಎಣ್ಣೆ ತುಂಬಿ ಇಂಜಿನನ್ನು ಚಾಲು ಮಾಡಿ, ಕೆಂಪು ದೀಪ ಆರುವ ತನಕ ರೇಸು ಕೊಡದೆ, ಕೆಳಗೆ ಹನಿ ಬೀಳುವದೇ ಎಂದು ನೋಡಿರಿ. ಕೆಲವು ನಿಮಿಷಗಳ ಮೇಲೆ ಇಂಜಿನನ್ನು ಬಂದು ಮಾಡಿ ಎಣ್ಣೆಯ ಮಟ್ಟವನ್ನು ಮತ್ತೆ ಅಳೆಯಿರಿ. ತಾರೀಖನ್ನೂ ಮೀಟರಿನ ಅಂಕಿಯನ್ನೂ ಫಿಲ್ಟರಿನ ಮೇಲೆಯೇ ಬರೆದಿಟ್ಟರೆ ಮುಂದಿನ ಅವಧಿ ಮರೆಯುವದಿಲ್ಲ.

ಮಾಡಬಾರದ ಕೆಲಸಗಳು

ಹಳೆಯ ಫಿಲ್ಟರನ್ನು ಡೀಜೆಲಿನಲ್ಲಿ ಇಲ್ಲವೆ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು ಮತ್ತೆ ಹಾಕುವ ರೂಢಿ ಕೆಲವೆಡೆ ಉಂಟು. ಕಾಗದದೊಳಗೆ ಸಿಕ್ಕಿಕೊಂಡ ಸಣ್ಣ ಕಣಗಳು ಇದರಿಂದ ಹೋಗುವದಿಲ್ಲ. ಕಾಗದವೂ ಅಂಟೂ ಸಡಿಲಾಗುವವು. ಹೊಸ ಎಣ್ಣೆ ಹಾಕಿ ಹಳೆಯ ಫಿಲ್ಟರನ್ನೇ ಇಡುವದೂ ತಪ್ಪು. ಸಾವಿರಾರು ರೂಪಾಯಿಯ ಎಣ್ಣೆಯನ್ನು ಹಳೆಯ ಹೊಲಸಿನ ಮುಖಾಂತರ ಹಾಯಿಸಿದಂತಾಗುವದು. ಇಳಿಸಿದ ಎಣ್ಣೆಯನ್ನು ಬಾವಿಯ ಬಳಿ, ಹಳ್ಳದಲ್ಲಿ, ಹೊಲದ ಬದುವಿನಲ್ಲಿ ಚೆಲ್ಲಬೇಡಿರಿ. ದನಗಳ ಗಾಯಕ್ಕೂ ಹಚ್ಚಬೇಡಿರಿ. ಅದು ವಿಷಯುಕ್ತವಾದದ್ದು. ಡಬ್ಬದಲ್ಲಿ ತುಂಬಿಟ್ಟು ಅದನ್ನು ಕೊಳ್ಳುವ ಗ್ಯಾರೇಜಿನವರಿಗೆ ಕೊಡಿರಿ.

ಕೊನೆಯದಾಗಿ ಎಲ್ಲಕ್ಕೂ ಮಿಗಿಲಾದ ಮಾತು: ಗಾಡಿ ಓಡುವಾಗ ಎಣ್ಣೆಯ ಕೆಂಪು ದೀಪ ಹತ್ತಿದರೆ ಸವಾಲು ತಪ್ಪಲಿ, ಬಸ್ಸು ತಪ್ಪಲಿ, ಗಾಡಿಯನ್ನು ಬದಿಗೆ ತಂದು ಆ ಕ್ಷಣವೇ ಇಂಜಿನನ್ನು ಬಂದು ಮಾಡಿರಿ. ಒಂದು ದಿನದ ಲಿಂಬೆಯ ಧಾರಣೆ ಹೋದರೆ ನಾಳೆ ಬರುವದು. ಇಂಜಿನು ಹೋದರೆ ವರ್ಷದ ದುಡಿಮೆಯೇ ಅದರ ಹಿಂದೆ ಹೋಗುವದು.

ಆ ಒಕ್ಕಲಿಗರು ಈಗ ಫಿಲ್ಟರು ಕೊಳ್ಳುವಾಗ ನಂಬರಿನ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗುವರು. ತಮ್ಮ ಊರಿನ ಬೇರೆಯವರಿಗೂ ಹಾಗೆ ಮಾಡಲು ಹೇಳುವರು. ನನ್ನನ್ನು ಯಾರಾದರೂ “ಇದು ನಡೀತದೇನ್ರಿ?” ಎಂದು ಕೇಳಿದರೆ ನಾನು ಡಬ್ಬಿಯನ್ನು ನೋಡುವದಿಲ್ಲ; ಗಾಡಿಯ ಪುಸ್ತಕವನ್ನು ತರಲು ಹೇಳುವೆನು. ನಾಲ್ಕೂ ತಾಲೂಕುಗಳ ಒಕ್ಕಲು ಬಂಧುಗಳು ಈ ರೂಢಿಯನ್ನು ಹಿಡಿದರೆ, ಎತ್ತನ್ನು ಸಾಕಿದ ಜಾಣತನದಿಂದಲೇ ಮೋಟಾರನ್ನೂ ಸಾಕುವರೆಂಬುದರಲ್ಲಿ ಸಂಶಯವಿಲ್ಲ.